ಕೊಳ್ಳುವ ಕೊಳಗ, ಮಾರುವ ಕೊಳಗ: ‘ಸಮಯಪರೀಕ್ಷೆ’, ‘ಧರ್ಮಪರೀಕ್ಷೆ’ಗಳ ಪರಮತ ಪರಿಹಾಸ

ಕನ್ನಡ ಜೈನ ಸಾಹಿತ್ಯವನ್ನು ಕುರಿತ ಉಪನ್ಯಾಸಗಳಲ್ಲಿ ಪಂಪ, ರನ್ನ, ಜನ್ನರ ಹೆಸರು ಕೇಳಿಬರುವಷ್ಟು ಬ್ರಹ್ಮಶಿವ, ವೃತ್ತವಿಲಾಸರ ಹೆಸರು ಕೇಳಿಬರುವುದಿಲ್ಲ. ಕಾವ್ಯಗುಣದ ತಾರತಮ್ಯವು ಇದಕ್ಕೆ ಒಂದು ಕಾರಣವಿರಬಹುದು. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಇಬ್ಬರೂ ಅನ್ಯಮತಗಳ ದೇವರನ್ನು, ಪುರಾಣವನ್ನು, ಆಚಾರವನ್ನು ಕುರಿತು ನಕ್ಕವರು. ನೆರೆಹೊರೆಯವರೊಡನೆ ಸೌಹಾರ್ದದಿಂದ ಬಾಳುತ್ತಿರುವ ಅಲ್ಪಸಂಖ್ಯಾತ ಸಮಾಜಕ್ಕೆ ಆ ನಗೆಯನ್ನು ಇಂದು ವೇದಿಕೆಯ ಮೇಲೆ ಓದಿ ಹೇಳಲು ಸಂಕೋಚವಾಗುವುದು ಸಹಜ.

ಆದರೆ ಸಂಕೋಚದಿಂದ ಪ್ರಶ್ನೆ ಪರಿಹಾರವಾಗುವುದಿಲ್ಲ. ಶ್ರದ್ಧಾವಂತರು ಪವಿತ್ರವೆಂದು ನಂಬಿದುದನ್ನು ಪರಿಹಾಸ ಮಾಡುವ ಸ್ವಾತಂತ್ರ್ಯ ಇರಬೇಕೇ, ಇದ್ದರೆ ಅದರ ಎಲ್ಲೆ ಯಾವುದು ಎಂಬ ಚರ್ಚೆ ಶಾಸನಸಭೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಸುಮಾರು ನೂರು ವರ್ಷಗಳಿಂದ ನಡೆದಿದೆ. ಈ ಚರ್ಚೆಯಲ್ಲಿ ಜೈನ ಸಮಾಜದ ಸ್ಥಾನ ವಿಶಿಷ್ಟವಾದುದು. ಅದು ಶತಮಾನಗಳ ಕಾಲ ನಿಂದೆಗೆ ಗುರಿಯಾದ ಸಮಾಜ. ಪರಮತ ಪರಿಹಾಸದ ದೊಡ್ಡ ಪರಂಪರೆಯೊಂದರ ವಾರಸುದಾರ ಸಮಾಜವೂ ಹೌದು. ಆದುದರಿಂದ ಈ ಎರಡು ಕೃತಿಗಳನ್ನು ಮತ್ತೆ ತೆರೆದು, ಅವುಗಳಿಂದ ಇಂದಿನ ಶ್ರಾವಕನಿಗೆ ದೊರೆಯುವ ನ್ಯಾಯವೇನೆಂಬುದನ್ನು ವಿವೇಚಿಸುವುದು ಅವಶ್ಯವಾಗಿದೆ.

ಈ ವಿವೇಚನೆಗೆ ಬೇಕಾದ ಅಳತೆಗೋಲು ‘ತತ್ತ್ವಾರ್ಥಸೂತ್ರ’ದಲ್ಲಿಯೇ ಇದೆ. ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ ಎಂಬುದೊಂದು. ಕೊಳ್ಳುವಾಗ ಹಿರಿಯ ಕೊಳಗದಿಂದ ಅಳೆದುಕೊಂಡು, ಮಾರುವಾಗ ಕಿರಿಯ ಕೊಳಗದಿಂದ ಅಳೆದುಕೊಡುವುದೇ ಈ ದೋಷ. ಇಂತಹ ವರ್ತಕನು ಯಾರ ಮನೆಗೂ ಕನ್ನ ಕೊರೆದವನಲ್ಲ; ಆದರೂ ಆಚಾರ್ಯರು ಇದನ್ನು ಕಳವಿನ ಪಕ್ಕದಲ್ಲಿಯೇ ಇರಿಸಿದರು. ಧಾನ್ಯದ ವ್ಯವಹಾರಕ್ಕೆ ಹೇಳಿದ ಈ ನಿಯಮವನ್ನು ಮಾತಿನ ವ್ಯವಹಾರಕ್ಕೂ ಅನ್ವಯಿಸಬೇಕು. ತಾನು ಅನ್ಯರ ಶ್ರದ್ಧೆಯನ್ನು ಕುರಿತು ನಕ್ಕರೆ ಅದು ಸತ್ಯಪರೀಕ್ಷೆ, ಅನ್ಯರು ತನ್ನ ಶ್ರದ್ಧೆಯನ್ನು ಕುರಿತು ನಕ್ಕರೆ ಅದು ಧರ್ಮದ್ರೋಹ ಎನ್ನುವವನ ಮನೆಯಲ್ಲಿ ಎರಡು ಕೊಳಗಗಳಿವೆಯೆಂದೇ ಅರ್ಥ.

ಪರಿಹಾಸದ ಈ ಪರಂಪರೆಯ ಮೂಲವನ್ನು ಎಂಟನೆಯ ಶತಮಾನದ ಹರಿಭದ್ರಸೂರಿಗಳ ಪ್ರಾಕೃತ ಕೃತಿಯಾದ ‘ಧೂರ್ತಾಖ್ಯಾನ’ದಲ್ಲಿ ಕಾಣಬಹುದು. ಗಡಿನಾಡಿನ ಸದಲಗದಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರ ಅಧ್ಯಯನದಿಂದ ಇದು ಆಧುನಿಕ ವಿದ್ವಾಂಸರಿಗೆ ಚೆನ್ನಾಗಿ ಪರಿಚಿತವಾಯಿತು. ಉಜ್ಜಯಿನಿಯ ಉದ್ಯಾನದಲ್ಲಿ ಮಳೆಗೆ ಸಿಕ್ಕಿ ಹಸಿದು ಕುಳಿತ ಐವರು ಧೂರ್ತ ನಾಯಕರು ಪಂಥ ಕಟ್ಟುತ್ತಾರೆ. ಪ್ರತಿಯೊಬ್ಬರೂ ತಮ್ಮ ಅನುಭವವೆಂದು ಒಂದು ಕಥೆ ಹೇಳಬೇಕು. ಅದನ್ನು ಸುಳ್ಳೆಂದವರು ಎಲ್ಲರಿಗೂ ಊಟವಿಕ್ಕಬೇಕು. ಮೊದಲನೆಯವನು, ಆನೆಗೆ ಹೆದರಿ ಕಮಂಡಲುವಿನಲ್ಲಿ ಅಡಗಿದೆನೆಂದೂ, ಆನೆಯೂ ಒಳಗೆ ಬಂದು ತನ್ನನ್ನು ಆರು ತಿಂಗಳು ಅಟ್ಟಾಡಿಸಿತೆಂದೂ, ಕಡೆಗೆ ತಾನು ಅದರ ನಾಳದಿಂದ ಹೊರಬಿದ್ದಾಗ ಬೆನ್ನಟ್ಟಿ ಬಂದ ಆನೆಯ ಬಾಲದ ಕೂದಲು ನಾಳದಲ್ಲಿ ಸಿಕ್ಕಿಕೊಂಡಿತೆಂದೂ ಹೇಳುತ್ತಾನೆ. ಗಂಗೆಯು ಶಿವನ ಜಡೆಯಲ್ಲಿ ದಾರಿ ಕಾಣದೆ ಬಹುಕಾಲ ಅಲೆದುದು ನಿಜವಾದರೆ ಇದೇಕೆ ಸುಳ್ಳಾಗಬೇಕೆಂದು ಜೊತೆಗಾರನು ಪುರಾಣದ ಆಧಾರ ಕೊಡುತ್ತಾನೆ. ಹೀಗೆ ಸುಳ್ಳುಗಾರರ ಪಂಥದ ಮೂಲಕ ಪುರಾಣಕಥೆಗಳ ಅಸಂಗತಿಯನ್ನು ಬಯಲಿಗೆಳೆಯುವುದು ಕೃತಿಯ ತಂತ್ರ. ಇದೇ ಹರಿಭದ್ರರು ‘ಯೋಗದೃಷ್ಟಿಸಮುಚ್ಚಯ’ದಲ್ಲಿ ಕಪಿಲನನ್ನೂ ಬುದ್ಧನನ್ನೂ ಭವರೋಗದ ವೈದ್ಯರೆಂದು ಗೌರವಿಸಿದ್ದಾರೆ. ಅವರು ನಕ್ಕದ್ದು ಕಥೆಯನ್ನು, ಗುರುವನ್ನಲ್ಲ. ಈ ವಿವೇಕವನ್ನು ನೆನಪಿನಲ್ಲಿಟ್ಟುಕೊಂಡು ಕನ್ನಡದ ಕೃತಿಗಳಿಗೆ ಬರಬೇಕು.

ಬ್ರಹ್ಮಶಿವನ ‘ಸಮಯಪರೀಕ್ಷೆ’ ಹನ್ನೆರಡನೆಯ ಶತಮಾನದ್ದು. ಬಹುಮಟ್ಟಿಗೆ ಕಂದಪದ್ಯಗಳಲ್ಲಿ ರಚಿತವಾದ ಈ ಕೃತಿಯನ್ನು ಕನ್ನಡದ ಮೊದಲ ವಿಡಂಬನ ಗ್ರಂಥವೆಂದು ಎಣಿಸುವುದುಂಟು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆಗಳ ವಿವೇಚನೆಯೇ ಇಂತಹ ಕೃತಿಗಳಿಗೆ ತಳಹದಿ. ದೇವರೆನಿಸಿಕೊಂಡವನು ಆಯುಧ ಹಿಡಿದಿದ್ದರೆ ಅವನಿಗೆ ಶತ್ರುಗಳಿರಬೇಕು; ಶತ್ರುಗಳಿದ್ದರೆ ಭಯವೋ ದ್ವೇಷವೋ ಇರಬೇಕು; ಅವು ಇರುವವನು ವೀತರಾಗನಾಗುವುದು ಹೇಗೆ ಎಂಬುದು ಈ ವಾದದ ಸರಣಿ. ಬ್ರಹ್ಮಶಿವನು ಇದನ್ನು ಶಾಸ್ತ್ರದ ಬಿಗುವಿನಿಂದ ಬಿಡಿಸಿ ಬೀದಿಗೆ ತಂದನು. ಅವನ ಕಾಲದ ಜನ ಯಾವ ಯಾವ ದೈವಗಳಿಗೆ ನಡೆದುಕೊಳ್ಳುತ್ತಿದ್ದರು, ಯಾವ ಯಾವ ನಂಬಿಕೆಗಳನ್ನು ಪಾಲಿಸುತ್ತಿದ್ದರು ಎಂಬ ವಿವರ ಇಲ್ಲಿ ದೊರೆಯುವಷ್ಟು ಅನ್ಯತ್ರ ದೊರೆಯುವುದು ಅಪರೂಪ. ಸಮಾಜಚರಿತ್ರೆಯ ದೃಷ್ಟಿಯಿಂದ ಈ ಕೃತಿಗೆ ಬೆಲೆ ಕಟ್ಟಲಾಗದು.

ಗುಣವನ್ನು ಒಪ್ಪಿದ ಮೇಲೆ ದೋಷವನ್ನೂ ಹೇಳಬೇಕು. ಬ್ರಹ್ಮಶಿವನ ಪರೀಕ್ಷೆಯಲ್ಲಿ ತೀರ್ಪು ಮೊದಲೇ ಸಿದ್ಧವಾಗಿದೆ. ಅನ್ಯರ ಪುರಾಣವನ್ನು ಅಕ್ಷರಾರ್ಥದಲ್ಲಿ ಹಿಡಿದು ಪ್ರಶ್ನಿಸುವ ಕವಿಯು ಸ್ವಮತದ ಪುರಾಣಗಳಲ್ಲಿರುವ ಬಿಲ್ಲುಗಟ್ಟಲೆ ದೇಹಪ್ರಮಾಣ, ಪೂರ್ವಗಟ್ಟಲೆ ಆಯುಷ್ಯಗಳ ವಿಷಯದಲ್ಲಿ ಅದೇ ಪ್ರಶ್ನೆಯನ್ನು ಎತ್ತುವುದಿಲ್ಲ. ಎದುರು ಪಕ್ಷದವನಿಗೆ ಇಲ್ಲಿ ಬಾಯಿಲ್ಲ. ಓದುವವನು ಮೊದಲೇ ಜೈನನಾಗಿದ್ದರೆ ನಗುತ್ತಾನೆ, ಆಗಿಲ್ಲದಿದ್ದರೆ ನೊಂದುಕೊಳ್ಳುತ್ತಾನೆ, ಮನಸ್ಸು ಬದಲಿಸುವವರು ವಿರಳ. ಹೀಗೆ ತಕ್ಕಡಿಯ ಒಂದೇ ತಟ್ಟೆಯನ್ನು ಎತ್ತಿ ತೋರಿಸುವುದರಿಂದ ತೂಕ ಮಾಡಿದಂತಾಗುವುದಿಲ್ಲ.

ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನ ‘ಧರ್ಮಪರೀಕ್ಷೆ’ ಇದಕ್ಕಿಂತ ಒಂದು ಮೆಟ್ಟಿಲು ಮೇಲಿದೆ. ಅಮಿತಗತಿಯು ೧೦೧೪ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಬರೆದ ಅದೇ ಹೆಸರಿನ ಕೃತಿ ಇದಕ್ಕೆ ಆಕರ. ಮನೋವೇಗ, ಪವನವೇಗರೆಂಬ ವಿದ್ಯಾಧರ ಗೆಳೆಯರಲ್ಲಿ ಮೊದಲನೆಯವನು ಜಿನಭಕ್ತ, ಎರಡನೆಯವನು ಅಲ್ಲ. ಗೆಳೆಯನ ಮನಸ್ಸನ್ನು ತಿರುಗಿಸಬೇಕೆಂದು ಮನೋವೇಗನು ಅವನನ್ನು ಪಾಟಲೀಪುತ್ರಕ್ಕೆ ಕರೆದೊಯ್ಯುತ್ತಾನೆ. ಹುಲ್ಲು ಸೌದೆ ಮಾರುವವರ ವೇಷದಲ್ಲಿ ಇಬ್ಬರೂ ಬ್ರಾಹ್ಮಣರ ವಾದಶಾಲೆಯನ್ನು ಹೊಕ್ಕು, ಭೇರಿ ಹೊಡೆದು, ಹೊನ್ನಿನ ಪೀಠದ ಮೇಲೆ ಕುಳಿತುಬಿಡುತ್ತಾರೆ. ಅನಂತರ ಮನೋವೇಗನು ಅಸಂಬದ್ಧವಾದ ಕಥೆಗಳನ್ನು ಹೇಳುತ್ತಾನೆ. ಸಭೆಯವರು ಸುಳ್ಳೆಂದಾಗ ಅವರದೇ ಪುರಾಣಗಳಿಂದ ಅಂತಹುದೇ ಕಥೆಯನ್ನು ಎತ್ತಿ ತೋರಿಸುತ್ತಾನೆ. ಸಭೆ ನಿರುತ್ತರವಾಗುತ್ತದೆ.

ಈ ಕಥಾಚೌಕಟ್ಟಿನಲ್ಲಿ ಎರಡು ಅಂಶಗಳು ವಿಮರ್ಶಕರ ಗಮನಕ್ಕೆ ಸಾಕಷ್ಟು ಬಂದಿಲ್ಲ. ಒಂದು, ಇಲ್ಲಿನ ಪರಿಹಾಸ ಗೆಳೆಯನ ಹಿತಕ್ಕಾಗಿ ನಡೆಯುತ್ತದೆ. ಗೆಳೆಯ ಪಕ್ಕದಲ್ಲಿಯೇ ಕುಳಿತಿದ್ದಾನೆ. ಇನ್ನೊಂದು ಹೆಚ್ಚು ಮಹತ್ತ್ವದ್ದು. ಮೂಲಕಥೆಯಲ್ಲಿ ಮನೋವೇಗನು ಮಾತನಾಡಲು ಅಂಜುತ್ತಾನೆ. ವಿಚಾರಿಸದೆ ದಂಡಿಸುವವರು, ರಾಗದಿಂದ ಕುರುಡಾದವರು, ದ್ವೇಷದಿಂದ ಕುರುಡಾದವರು ಮುಂತಾದ ಹತ್ತು ಬಗೆಯ ಮೂಢರ ಕಥೆಗಳನ್ನು ಹೇಳಿ, ಅಂತಹವರು ಈ ಸಭೆಯಲ್ಲಿದ್ದರೆ ತಾನು ಬಾಯಿ ತೆರೆಯಲಾರೆನೆನ್ನುತ್ತಾನೆ. ನಮ್ಮಲ್ಲಿ ಅಂತಹವರಿಲ್ಲ, ಅಂಜದೆ ಹೇಳು ಎಂದು ಸಭೆಯ ಬ್ರಾಹ್ಮಣರು ಭರವಸೆ ಕೊಡುತ್ತಾರೆ. ಕೊಟ್ಟ ಮಾತಿಗೆ ತಪ್ಪದೆ ಕೇಳುತ್ತಾರೆ. ಅವರ ಪೀಠದ ಮೇಲೆ ಕುಳಿತು ಅವರದೇ ದೇವತೆಗಳನ್ನು ನಕ್ಕವನ ಮೈಮೇಲೆ ಯಾರೂ ಕೈ ಮಾಡುವುದಿಲ್ಲ, ಯಾರೂ ಅರಸನ ಬಳಿಗೆ ದೂರು ಒಯ್ಯುವುದಿಲ್ಲ.

ಸುಜ್ಞ ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ‘ಧರ್ಮಪರೀಕ್ಷೆ’ಯು ಜೈನಪಕ್ಷದ ವಿಜಯದ ಕಥೆಯೆಂದೇ ಓದಲ್ಪಟ್ಟಿದೆ. ಆದರೆ ಆ ವಿಜಯಕ್ಕೆ ಅವಕಾಶ ಕೊಟ್ಟದ್ದು ಎದುರು ಪಕ್ಷದ ತಾಳ್ಮೆ. ಪಾಟಲೀಪುತ್ರದ ಆ ಸಭೆಯು ಭಾವನೆಗೆ ಧಕ್ಕೆಯಾಯಿತೆಂದು ಎದ್ದುಬಿಟ್ಟಿದ್ದರೆ ಕಾವ್ಯ ಮೊದಲ ಆಶ್ವಾಸದಲ್ಲಿಯೇ ಮುಗಿಯುತ್ತಿತ್ತು. ಜೈನಕವಿಯು ತನಗೆ ಅರಿವಿದ್ದೋ ಇಲ್ಲದೆಯೋ ತನ್ನ ಪ್ರತಿವಾದಿಗಳನ್ನು ಆದರ್ಶ ಶ್ರೋತೃಗಳನ್ನಾಗಿ ಚಿತ್ರಿಸಿದ್ದಾನೆ. ಅವನ ಮನೋವೇಗನು ಬೇಡಿದ ಅಭಯವನ್ನು ಇಂದು ಮತ್ತೊಬ್ಬನು ಜೈನರ ಸಭೆಯಲ್ಲಿ ನಿಂತು ಬೇಡಿದರೆ ಇಲ್ಲವೆನ್ನಲು ಈ ಕೃತಿಯ ವಾರಸುದಾರರಿಗೆ ಅಧಿಕಾರವಿರುವುದಿಲ್ಲ.

ಇನ್ನೂ ಒಂದು ಮೆಟ್ಟಿಲಿದೆ. ಅದು ಈ ಎರಡು ಕಾವ್ಯಗಳಿಗಿಂತ ಶತಮಾನಗಳಷ್ಟು ಹಿಂದಿನದು. ಸಮಂತಭದ್ರರು ‘ಆಪ್ತಮೀಮಾಂಸೆ’ಯ ಆರಂಭದಲ್ಲಿಯೇ ಜಿನೇಂದ್ರನನ್ನು ಉದ್ದೇಶಿಸಿ, ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳಿಂದ ನೀನು ದೊಡ್ಡವನೆನಿಸಲಾರೆ, ಇವು ಮಾಯಾವಿಗಳಲ್ಲಿಯೂ ಕಾಣುತ್ತವೆ ಎಂಬ ಅರ್ಥದ ಮಾತನ್ನು ಆಡುತ್ತಾರೆ. ಭಕ್ತನಾದವನು ತನ್ನ ಆರಾಧ್ಯದೈವದ ಎದುರಿನಲ್ಲಿ ನಿಂತು ಆಡಿದ ಮಾತಿದು. ಇದನ್ನೇ ಅನ್ಯಮತೀಯನೊಬ್ಬನು ಆಡಿದ್ದರೆ ನಿಂದೆಯೆಂದು ಕೂಗೇಳುತ್ತಿತ್ತು. ಸಮಂತಭದ್ರರು ಅನ್ಯರ ಆಪ್ತರನ್ನು ತೂಗುವುದಕ್ಕೆ ಮೊದಲು ತಮ್ಮ ಆಪ್ತನನ್ನು ತಕ್ಕಡಿಯಲ್ಲಿಟ್ಟರು. ಬಹಿರಂಗ ವೈಭವವನ್ನೆಲ್ಲ ಕಳೆದು, ಮಾತಿನ ನಿರ್ದೋಷತೆಯನ್ನು ಮಾತ್ರ ತೂಕಕ್ಕೆ ಹಿಡಿದರು. ಬ್ರಹ್ಮಶಿವನು ಅನ್ಯರನ್ನು ಮಾತ್ರ ತೂಗಿದನು. ವೃತ್ತವಿಲಾಸನು ಅನ್ಯರ ಎದುರಿನಲ್ಲಿಯೇ ಅವರನ್ನು ತೂಗಿದನು. ಸಮಂತಭದ್ರರು ಮೊದಲು ತಮ್ಮದನ್ನು ತೂಗಿದರು. ಪರೀಕ್ಷೆ ಎಂಬ ಹೆಸರಿಗೆ ಪೂರ್ಣವಾಗಿ ಅರ್ಹವಾದುದು ಮೂರನೆಯದು.

ಹಾಗಾದರೆ ಪರಿಹಾಸ ಮಾಡಿದವನು ಧರ್ಮದ ದೃಷ್ಟಿಯಿಂದ ನಿರ್ದೋಷಿಯೇ? ಅಲ್ಲ. ಸತ್ಯವ್ರತದ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಭಯಗಳ ಜೊತೆಗೆ ಹಾಸ್ಯವನ್ನೂ ತ್ಯಜಿಸಬೇಕೆಂದು ಸೂತ್ರಕಾರರು ವಿಧಿಸಿದ್ದಾರೆ. ನಗಿಸುವ ಆಸೆಯಿಂದ ನಾಲಗೆ ಸತ್ಯದ ಎಲ್ಲೆ ಮೀರುವುದು ಎಲ್ಲರೂ ಬಲ್ಲ ಸಂಗತಿ. ಪರನಿಂದೆ, ಆತ್ಮಪ್ರಶಂಸೆ, ಅನ್ಯರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಮೆರೆಸುವುದು, ಇವು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದೂ ಹೇಳಿದ್ದಾರೆ. ಈ ಲೆಕ್ಕದಲ್ಲಿ ಬ್ರಹ್ಮಶಿವನಿಗೂ ರಿಯಾಯಿತಿ ಇಲ್ಲ. ಆದರೆ ಕರ್ಮದ ಈ ಲೆಕ್ಕವನ್ನು ಬರೆಯುವವನು ಪೋಲೀಸು ಅಧಿಕಾರಿಯಲ್ಲ. ಪಾಪವೆನಿಸಿದುದೆಲ್ಲ ಅಪರಾಧವಾಗಬೇಕೆಂದರೆ ಲೋಭಕ್ಕೂ ಮಾಯೆಗೂ ಸೆರೆಮನೆ ಕಟ್ಟಿಸಬೇಕಾದೀತು.

ಹಾಗೆಂದು ಎಲ್ಲವನ್ನೂ ಸಹಿಸಿಕೊಂಡಿರಬೇಕೆಂದಲ್ಲ. ಇತಿಹಾಸವೇ ಈ ಎಲ್ಲೆಯನ್ನು ಗುರುತಿಸಿಕೊಟ್ಟಿದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಮತ್ತು ಶಿಲ್ಪಗಳು ಏಕಾಂತದ ರಾಮಯ್ಯನ ಪ್ರಸಂಗವನ್ನೂ ಜಿನಬಿಂಬದ ಭಂಗವನ್ನೂ ಹೇಳುತ್ತವೆ. ಪುಲಿಗೆರೆಯ ಬಸದಿಯಲ್ಲಿ ಆದಯ್ಯನು ಸೋಮನಾಥನನ್ನು ನೆಲೆಗೊಳಿಸಿದುದನ್ನು ರಾಘವಾಂಕನು ‘ಸೋಮನಾಥಚಾರಿತ್ರ’ದಲ್ಲಿ ಸಂಭ್ರಮದಿಂದ ವರ್ಣಿಸಿದ್ದಾನೆ. ಜೈನರನ್ನು ಹೀಯಾಳಿಸಿದ ಕಾವ್ಯ ಕಾವ್ಯವಾಗಿಯೇ ಇರಲಿ. ಅದನ್ನು ಓದಿ ವಿಮರ್ಶಿಸಬಹುದು. ಬಿಂಬದ ಮೇಲೆ ಬಿದ್ದ ಪೆಟ್ಟನ್ನು ವಿಮರ್ಶೆಯಿಂದ ಸರಿಪಡಿಸಲಾಗದು. ನಾಲಗೆಯಿಂದ ಬಂದುದಕ್ಕೆ ನಾಲಗೆ, ಲೇಖನಿಯಿಂದ ಬಂದುದಕ್ಕೆ ಲೇಖನಿ. ಕೊಡಲಿ ಎದ್ದಾಗ ಮತ್ತು ಕೊಡಲಿ ಎತ್ತಿರೆಂಬ ಕರೆ ಎದ್ದಾಗ ಪ್ರಭುತ್ವ.

೧೩೬೮ರ ಬುಕ್ಕರಾಯನ ಶಾಸನವೂ ಇದನ್ನೇ ಸೂಚಿಸುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪಂಚಮಹಾವಾದ್ಯ, ಕಲಶಗಳ ಹಕ್ಕನ್ನು ಸ್ಥಿರಪಡಿಸಿದನು. ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಎತ್ತಿ, ಬೆಳುಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ಗೊತ್ತುಪಡಿಸಲಾಯಿತು. ಅರಸನು ರಕ್ಷಿಸಿದುದು ಜನರನ್ನು, ಅವರ ಆಚರಣೆಯನ್ನು, ಅವರ ಗುಡಿಗಳನ್ನು. ಪಂಡಿತರ ವಾದವನ್ನು ನಿಲ್ಲಿಸುವ ಏರ್ಪಾಡು ಅದಲ್ಲ.

ಆಧುನಿಕ ಕಾನೂನು ಬೇರೆ ಹಾದಿಯಲ್ಲಿ ಬಂದಿತು. ೧೯೨೪ರಲ್ಲಿ ಲಾಹೋರಿನಲ್ಲಿ ಪ್ರಕಟವಾದ ‘ರಂಗೀಲಾ ರಸೂಲ್’ ಎಂಬ ಹೊತ್ತಗೆ ಮುಸಲ್ಮಾನರ ಮನಸ್ಸನ್ನು ನೋಯಿಸಿತು. ಸೀತಾದೇವಿಯನ್ನು ಹೀನಾಯಗೊಳಿಸಿದ ಮತ್ತೊಂದು ಹೊತ್ತಗೆಗೆ ಅದು ಉತ್ತರವೆಂದು ಹೇಳಲಾಗಿತ್ತು. ಪ್ರಕಾಶಕ ರಾಜಪಾಲನನ್ನು ಲಾಹೋರ್ ಹೈಕೋರ್ಟು ೧೯೨೭ರಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ಭಾರತ ದಂಡಸಂಹಿತೆಗೆ ೨೯೫ಎ ಕಲಂ ಸೇರಿತು. ೧೯೨೯ರಲ್ಲಿ ರಾಜಪಾಲನ ಕೊಲೆಯಾಯಿತು. ೧೯೫೭ರಲ್ಲಿ ರಾಮ್‌ಜಿ ಲಾಲ್ ಮೋದಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯುತ್ತ, ಬೇಕೆಂದೇ ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಇದು ಅನ್ವಯಿಸುತ್ತದೆಂದು ಸ್ಪಷ್ಟಪಡಿಸಿತು. ೨೦೨೪ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ೨೯೯ನೆಯ ಕಲಂ ಇದರ ಸ್ಥಾನದಲ್ಲಿದೆ. ಎರಡೂ ಮತದವರ ಹೊತ್ತಗೆಗಳನ್ನು ಒಂದೇ ಕೊಳಗದಲ್ಲಿ ಅಳೆಯುವವರು ಅಂದು ಲಾಹೋರಿನಲ್ಲಿ ಹೆಚ್ಚಾಗಿದ್ದಿದ್ದರೆ ಒಂದು ಪ್ರಾಣವಾದರೂ ಉಳಿಯುತ್ತಿತ್ತೇನೋ.

ಕನ್ನಡನಾಡಿನಲ್ಲಿಯೂ ಇಂತಹ ಪ್ರಸಂಗಗಳು ನಡೆದಿವೆ. ಶರಣರ ಜೀವನವನ್ನು ವಸ್ತುವಾಗಿ ಉಳ್ಳ ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ರಾಜ್ಯ ಸರ್ಕಾರವು ೧೯೯೭ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ೨೦೦೭ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಕಾದಂಬರಿಕಾರರ ಕಲ್ಪನೆಯಿಂದ ಭಕ್ತರಿಗೆ ನೋವಾದುದು ಸುಳ್ಳಲ್ಲ. ಆ ಕಲ್ಪನೆ ಆಧಾರವಿಲ್ಲದ್ದೆಂದು ವಿದ್ವಾಂಸರು ತೋರಿಸಿಕೊಡಬಹುದಾಗಿತ್ತು. ಪುಸ್ತಕವೇ ಮರೆಯಾದ ಮೇಲೆ ಖಂಡನೆಗೂ ಓದುಗರಿಲ್ಲ, ಮಂಡನೆಗೂ ಓದುಗರಿಲ್ಲ. ಇದು ಅನ್ಯ ಸಮಾಜದ ವ್ಯವಹಾರವೆಂದು ಶ್ರಾವಕರು ಸುಮ್ಮನಿರುವಂತಿಲ್ಲ. ಇದೇ ಅಳತೆಯನ್ನು ಹಿಡಿದರೆ ‘ಸಮಯಪರೀಕ್ಷೆ’ಯ ಒಂದು ಅಧಿಕಾರವೂ ಉಳಿಯುವುದು ಕಷ್ಟ. ರಾವಣನನ್ನು ಲಕ್ಷ್ಮಣನ ಕೈಯಲ್ಲಿ ಕೊಲ್ಲಿಸುವ ನಾಗಚಂದ್ರನ ರಾಮಾಯಣವೂ ಯಾರಾದರೊಬ್ಬರ ಭಾವನೆಗೆ ಧಕ್ಕೆಯೆನಿಸಬಹುದು. ನಾಡಿನ ಸಹೃದಯರು ಆ ಕವಿಗೆ ಅಭಿನವಪಂಪನೆಂಬ ಮನ್ನಣೆಯನ್ನು ಉಳಿಸಿಕೊಟ್ಟಿರುವುದು ಅವರ ದೊಡ್ಡತನ.

ಜೈನ ಸಮಾಜದ ಸ್ವಂತ ಪರೀಕ್ಷೆ ೨೦೧೬ರಲ್ಲಿ ಬಂದಿತು. ಆ ವರ್ಷದ ಆಗಸ್ಟಿನಲ್ಲಿ ಮುನಿಶ್ರೀ ತರುಣಸಾಗರರು ಹರಿಯಾಣ ವಿಧಾನಸಭೆಯಲ್ಲಿ ಪ್ರವಚನ ಮಾಡಿದರು. ಅವರ ದಿಗಂಬರತ್ವವನ್ನು ಕುರಿತು ಸಂಗೀತಗಾರರೊಬ್ಬರೂ ಸಾರ್ವಜನಿಕ ಜೀವನದ ಮತ್ತೊಬ್ಬರೂ ಟ್ವಿಟರಿನಲ್ಲಿ ಹಗುರವಾಗಿ ಬರೆದರು. ಸಮಾಜ ಕೆರಳಿತು, ೨೯೫ಎ ಸೇರಿದಂತೆ ಹಲವು ಕಲಮುಗಳ ಅನ್ವಯ ಮೊಕದ್ದಮೆ ದಾಖಲಾಯಿತು. ‘ಕಡ್ವೇ ಪ್ರವಚನ್’ ಎಂಬ ಹೆಸರಿನಿಂದಲೇ ಪ್ರಸಿದ್ಧರಾಗಿದ್ದ, ಕಹಿಮಾತಿಗೆ ಹಿಂಜರಿಯದ ಆ ಮುನಿಗಳು ಮಾತ್ರ ತಮಗೆ ಕೋಪವಿಲ್ಲವೆಂದು ಕ್ಷಮಿಸಿದರು. ಸಂಗೀತಗಾರರು ಕ್ಷಮೆ ಬೇಡಿದರು. ೨೦೧೮ರಲ್ಲಿ ಮುನಿಗಳು ಸಮಾಧಿಸ್ಥರಾದರು. ಮೊಕದ್ದಮೆ ಅವರಿಗಿಂತ ಹೆಚ್ಚು ಕಾಲ ಬದುಕಿತು. ೨೦೧೯ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಅದನ್ನು ರದ್ದುಪಡಿಸಿದರೂ ಇಬ್ಬರೂ ತಲಾ ೧೦ ಲಕ್ಷ ರೂಪಾಯಿ ತೆರಬೇಕೆಂದು ವಿಧಿಸಿತು. ೨೦೨೫ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅಪರಾಧವೇ ಇಲ್ಲವೆಂದ ಮೇಲೆ ನೀತಿಯ ಕಾವಲು ನ್ಯಾಯಾಲಯದ ಕೆಲಸವಲ್ಲವೆಂದು ಆ ದಂಡವನ್ನು ತೆಗೆದುಹಾಕಿತು.

ಮುನಿಗೆ ಹೇಳಿದ ೨೨ ಪರೀಷಹಗಳಲ್ಲಿ ನಾಗ್ನ್ಯವೂ ಒಂದು, ಆಕ್ರೋಶವೂ ಒಂದು. ಬೆತ್ತಲೆಯಾಗಿರುವುದನ್ನೂ ಬೈಗುಳವನ್ನೂ ಸಮಭಾವದಿಂದ ಸಹಿಸಬೇಕೆಂದು ಶಾಸ್ತ್ರವು ಒಂದೇ ಪಟ್ಟಿಯಲ್ಲಿ ಹೇಳಿದೆ. ಮುನಿಗಳು ಎರಡನ್ನೂ ಗೆದ್ದರು. ಅವರ ಹೆಸರಿನಲ್ಲಿ ಹೋರಾಡಿದವರು ಮಾತ್ರ ಅವರ ಜಯವನ್ನು ಕಾಣದೆ ಹೋದರು. ದಿಗಂಬರತ್ವವೆಂದರೇನು, ಅಪರಿಗ್ರಹದ ಕೊನೆಯ ಮೆಟ್ಟಿಲು ಅದೇಕೆ ಎಂದು ಇಡೀ ದೇಶಕ್ಕೆ ವಿವರಿಸುವ ಸಂದರ್ಭ ತಾನಾಗಿ ಒದಗಿತ್ತು. ಅದು ಠಾಣೆಯ ಕಡತದಲ್ಲಿ ಕಳೆದುಹೋಯಿತು.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವಿದೆ. ೨೦೧೧ರ ಜನಗಣತಿಯ ಪ್ರಕಾರ ಜೈನರು ಸುಮಾರು ೪೪.೫ ಲಕ್ಷ, ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ೦.೩೭ ಮಾತ್ರ. ಬಲವಂತರಿಗೆ ಬೀದಿಯಿದೆ, ಅಲ್ಪರಿಗೆ ಕಾನೂನೊಂದೇ ಆಸರೆ. ಇಂದಿನ ನಗೆ ನಾಳಿನ ಅಬ್ಬಲೂರಾಗದೆಂಬ ಭರವಸೆ ಏನು ಎಂದು ಹಿರಿಯರು ಕೇಳುತ್ತಾರೆ. ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಭಾವನೆಯ ನೋವನ್ನೇ ಅಪರಾಧದ ಅಳತೆಯನ್ನಾಗಿ ಮಾಡಿದರೆ, ಹೆಚ್ಚು ಮಂದಿ ಇರುವವರ ನೋವು ಹೆಚ್ಚು ತೂಗುತ್ತದೆ. ಸಲ್ಲೇಖನ ವ್ರತವನ್ನು ಆತ್ಮಹತ್ಯೆಯೆಂದು ರಾಜಸ್ಥಾನ ಹೈಕೋರ್ಟು ೨೦೧೫ರಲ್ಲಿ ತೀರ್ಪಿತ್ತಾಗ, ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ದೊರೆಯುವುದಕ್ಕೆ ನೆರವಾದದ್ದು ಆಧಾರಸಹಿತವಾದ ವಾದ. ಅಲ್ಪಸಂಖ್ಯಾತರಿಗೆ ಮಾತಿನ ಸ್ವಾತಂತ್ರ್ಯವೇ ದೊಡ್ಡ ಕಾವಲು. ಅದನ್ನು ಕುಗ್ಗಿಸಲು ಅವರೇ ಮುಂದಾಗುವುದು ತಮ್ಮ ಕೋಟೆಯ ಕಲ್ಲನ್ನು ತಾವೇ ಕಿತ್ತುಕೊಟ್ಟಂತೆ.

ಆದುದರಿಂದ ಬ್ರಹ್ಮಶಿವ, ವೃತ್ತವಿಲಾಸರನ್ನು ಬಚ್ಚಿಡುವ ಅಗತ್ಯವಿಲ್ಲ. ದಶಲಕ್ಷಣ ಪರ್ವದ ಸ್ವಾಧ್ಯಾಯದಲ್ಲಿ ‘ಧರ್ಮಪರೀಕ್ಷೆ’ಯನ್ನು ಓದಲಿ, ಪಾಟಲೀಪುತ್ರದ ಸಭೆಯವರು ಕೇಳಿಸಿಕೊಂಡ ಬಗೆಯನ್ನೂ ವಿವರಿಸಲಿ. ‘ಸಮಯಪರೀಕ್ಷೆ’ಯ ಕಟುಮಾತನ್ನು ಕಟುವೆಂದೇ ಒಪ್ಪಿಕೊಳ್ಳಲಿ. ಮುಂದೆ ಯಾರಾದರೂ ಜಿನಧರ್ಮವನ್ನು ಕುರಿತು ನಕ್ಕಾಗ, ದೂರಿಗೆ ಸಹಿ ಹಾಕುವ ಮೊದಲು ಶ್ರಾವಕನು ಆ ಮಾತನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆಯಲ್ಲಿ ತನ್ನ ಮನೆಯ ‘ಸಮಯಪರೀಕ್ಷೆ’ಯನ್ನು ಇಟ್ಟು ನೋಡಲಿ. ತಟ್ಟೆಗಳು ಸಮನಾಗಿ ನಿಂತರೆ ಲೇಖನಿಯನ್ನು ಸಹಿಗೆ ಬಳಸದೆ ಉತ್ತರಕ್ಕೆ ಬಳಸುವುದು ಅವನ ವ್ರತಕ್ಕೆ ತಕ್ಕ ನಡೆ.